ಅರಿಯದವನ ತಕರಾರು: ಕಣ್ಗಾವಲು ಕಾನೂನಿನ ಒಳಗುಟ್ಟು

ಪ್ರಭುತ್ವದ ಕಣ್ಗಾವಲಿಗೂ ಪ್ರಜೆಯ ವೈಯಕ್ತಿಕ ಸ್ವಾತಂತ್ರ್ಯಕ್ಕೂ ಇರುವ ತಕರಾರು ಭಾರತದ ಸುಪ್ರೀಂ ಕೋರ್ಟಿನ ಮುಂದೆ ನೇರವಾಗಿ ಬಂದದ್ದು ಖರಕ್ ಸಿಂಗ್ ಮತ್ತು ಉತ್ತರ ಪ್ರದೇಶ ಸರ್ಕಾರದ ನಡುವಣ ಮೊಕದ್ದಮೆಯಲ್ಲಿ. ಡಕಾಯಿತಿಯ ಆರೋಪ ಹೊತ್ತು, ಸಾಕ್ಷ್ಯವಿಲ್ಲವೆಂದು ಬಿಡುಗಡೆಯಾಗಿದ್ದ ಈ ವ್ಯಕ್ತಿಯ ಹೆಸರಿನಲ್ಲಿ ಪೊಲೀಸರು 'ಹಿಸ್ಟರಿ ಶೀಟ್' ತೆರೆದಿದ್ದರು. ಕರ್ನಾಟಕದ ಓದುಗರಿಗೆ ಪರಿಚಿತವಾದ ರೌಡಿ ಶೀಟಿನ ಸ್ವರೂಪವೇ ಇದಕ್ಕೂ ಇದ್ದು, ಒಮ್ಮೆ ಅನುಮಾನಕ್ಕೊಳಗಾದವನ ಚಲನವಲನವನ್ನು ಅಪರಾಧ ಸಾಬೀತಾಗದಿದ್ದರೂ ದಾಖಲಿಸುತ್ತ ಹೋಗುವುದು ಇದರ ಉದ್ದೇಶ. ಚೌಕೀದಾರರೂ ಪೇದೆಗಳೂ ರಾತ್ರಿ ಹೊತ್ತು ಮನೆಗೆ ಬಂದು ಬಾಗಿಲು ಬಡಿದು, ಕೂಗಿ, ಮಲಗಿದವನನ್ನು ಎಬ್ಬಿಸಿ, ಮನೆಯಲ್ಲಿದ್ದಾನೆಂದು ಖಾತ್ರಿ ಮಾಡಿಕೊಂಡು ಹೋಗುತ್ತಿದ್ದರು. ಅವನು ಪರ ಊರಿಗೆ ಹೊರಟರೆ ಆ ಊರಿನ ಠಾಣೆಗೂ ಸುದ್ದಿ ಹೋಗುತ್ತಿತ್ತು. 1962ರ ಡಿಸೆಂಬರ್ 18ರಂದು ತೀರ್ಪಿತ್ತ ಆರು ನ್ಯಾಯಮೂರ್ತಿಗಳ ಪೀಠದ ಬಹುಮತವು ರಾತ್ರಿ ಮನೆಗೆ ನುಗ್ಗುವ ನಿಯಮವನ್ನು ಮಾತ್ರ ರದ್ದುಪಡಿಸಿ, ಖಾಸಗಿತನವು ಸಂವಿಧಾನವು ಖಾತರಿಪಡಿಸಿದ ಹಕ್ಕಲ್ಲವೆಂದು ಹೇಳಿ ಉಳಿದ ಕಣ್ಗಾವಲನ್ನು ಎತ್ತಿಹಿಡಿಯಿತು. ನ್ಯಾಯಮೂರ್ತಿ ಕೆ. ಸುಬ್ಬರಾವ್ ಅವರು ಜೆ.ಸಿ. ಶಾ ಅವರೊಡನೆ ಸೇರಿ ಬರೆದ ಭಿನ್ನ ತೀರ್ಪು ಇಡೀ ನಿಯಮವೇ ಅಸಾಂವಿಧಾನಿಕವೆಂದು ಸಾರಿತು.

ಆರು ದಶಕಗಳ ನಂತರ ಈ ಮೊಕದ್ದಮೆಯನ್ನು ಓದುವಾಗ ಕಾನೂನಿನ ತರ್ಕಕ್ಕಿಂತ ಹೆಚ್ಚಾಗಿ ಗಮನ ಸೆಳೆಯುವುದು ಅದರ ಒಂದು ಸರಳ ಸಂಗತಿ: ತನ್ನ ಮೇಲೆ ನಿಗಾ ಇದೆಯೆಂಬುದು ಆ ವ್ಯಕ್ತಿಗೆ ಗೊತ್ತಿತ್ತು. ಬಾಗಿಲು ಬಡಿದ ಸದ್ದೇ ಅವನ ದೂರಿಗೆ ಆಧಾರವಾಯಿತು, ದೂರು ಇದ್ದುದರಿಂದ ಮೊಕದ್ದಮೆಯಾಯಿತು, ಮೊಕದ್ದಮೆಯಾದುದರಿಂದ ನಿಯಮದ ಒಂದು ಭಾಗವಾದರೂ ಬಿದ್ದುಹೋಯಿತು. ಆ ಬಗೆಯ ಕಣ್ಗಾವಲಿಗೆ ಇನ್ನೊಂದು ಮಿತಿಯೂ ಇತ್ತು. ಒಬ್ಬನನ್ನು ಕಾಯಲು ಇನ್ನೊಬ್ಬ ನಿದ್ದೆಗೆಡಬೇಕಾಗಿದ್ದುದರಿಂದ, ಪೇದೆಗಳ ಸಂಖ್ಯೆಗಿಂತ ಹೆಚ್ಚು ಜನರನ್ನು ಕಾಯುವುದು ಯಾವ ಸರ್ಕಾರಕ್ಕೂ ಸಾಧ್ಯವಿರಲಿಲ್ಲ.

ಬೇಹುಗಾರಿಕೆಯು ಆಧುನಿಕ ಸರ್ಕಾರಗಳ ಆವಿಷ್ಕಾರವೇನೂ ಅಲ್ಲ. ಮೈಸೂರಿನ ಓರಿಯೆಂಟಲ್ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, ಅವರ ಸಂಪಾದನೆಯಲ್ಲಿ 1909ರಲ್ಲಿ ಪ್ರಕಟವಾದ ಕೌಟಿಲ್ಯನ ಅರ್ಥಶಾಸ್ತ್ರವು ಗೂಢಪುರುಷರನ್ನು ಒಂದೆಡೆ ನೆಲೆಯೂರಿ ಕೆಲಸ ಮಾಡುವವರೆಂದೂ ಊರೂರು ಅಲೆಯುವವರೆಂದೂ ಎರಡು ವರ್ಗ ಮಾಡಿ, ವ್ಯಾಪಾರಿ, ಗೃಹಸ್ಥ, ತಪಸ್ವಿಗಳ ವೇಷದಲ್ಲಿ ಅವರನ್ನು ನೇಮಿಸುವ ಕ್ರಮವನ್ನು ವಿವರಿಸುತ್ತದೆ. ಅದೇ ಗ್ರಂಥವು ಅವರ ಸಂಬಳವನ್ನೂ, ಸಾವಿರ ಪಣ, ಐನೂರು ಪಣ ಎಂಬಂತೆ, ನಿಗದಿ ಮಾಡಿದೆಯೆಂಬುದನ್ನು ಗಮನಿಸಬೇಕು. ಏಕೆಂದರೆ ರಾಜನ ಕಿವಿ ಎಷ್ಟು ದೂರ ಚಾಚಬಲ್ಲದು ಎಂಬುದನ್ನು ಅಲ್ಲಿ ನಿರ್ಧರಿಸುತ್ತಿದ್ದುದು ಬೊಕ್ಕಸ. ಸಾಮೂಹಿಕ ಕಣ್ಗಾವಲು, ಅಂದರೆ ನಿರ್ದಿಷ್ಟ ವ್ಯಕ್ತಿಯ ಮೇಲಿನ ಅನುಮಾನದಿಂದ ಹೊರಡದೆ ಎಲ್ಲರ ಮಾಹಿತಿಯನ್ನೂ ಒಟ್ಟುಗೂಡಿಸಿಕೊಂಡು ಅದರಲ್ಲಿ ಬೇಕಾದವರನ್ನು ಹುಡುಕುವ ಪದ್ಧತಿ, ಹುಟ್ಟಿದ್ದು ಈ ಲೆಕ್ಕಾಚಾರ ಮುರಿದುಬಿದ್ದ ಮೇಲೆಯೇ.

ಭಾರತದಲ್ಲಿ ದೂರವಾಣಿ ಕದ್ದಾಲಿಕೆಗೆ ಬಹುಕಾಲ ಆಧಾರವಾಗಿದ್ದುದು 1885ರ ಟೆಲಿಗ್ರಾಫ್ ಕಾಯ್ದೆ. ಅದರ 5ನೆಯ ಕಲಮಿನ 2ನೆಯ ಉಪಕಲಮಿನ ಪ್ರಕಾರ ಸರ್ಕಾರವು ಸಂದೇಶವನ್ನು ತಡೆಹಿಡಿಯಬೇಕಾದರೆ ಮೊದಲು ಸಾರ್ವಜನಿಕ ತುರ್ತುಸ್ಥಿತಿಯೋ ಸಾರ್ವಜನಿಕ ಸುರಕ್ಷತೆಯ ಅಗತ್ಯವೋ ಇರಬೇಕಾಗಿತ್ತು. ಅದರ ಮೇಲೆ ದೇಶದ ಸಾರ್ವಭೌಮತೆ, ಭದ್ರತೆ, ವಿದೇಶಗಳೊಡನೆ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ಅಪರಾಧಕ್ಕೆ ಪ್ರಚೋದನೆಯ ತಡೆ ಎಂಬ ಕಾರಣಗಳಲ್ಲಿ ಒಂದಾದರೂ ಅನ್ವಯಿಸಬೇಕಾಗಿತ್ತು. ಕಾಗದದ ಮೇಲೆ ಇದು ಬಿಗಿಯಾದ ಕಾನೂನೇ. ಆದರೆ ಆದೇಶ ಹೊರಡಿಸುವ ಕ್ರಮವೇನು, ಅದನ್ನು ಪರಿಶೀಲಿಸುವವರು ಯಾರು ಎಂಬುದಕ್ಕೆ ನಿಯಮಗಳೇ ಇಲ್ಲದೆ ಈ ಅಧಿಕಾರವು ಸ್ವಾತಂತ್ರ್ಯಾನಂತರವೂ ದಶಕಗಳ ಕಾಲ ನಡೆದುಬಂದಿತು.

ಆ ದಶಕಗಳಲ್ಲೂ ಅನಂತರವೂ ಕದ್ದಾಲಿಕೆಯು ಸುದ್ದಿಯಾದದ್ದು ಅಧಿಕಾರಸ್ಥರು ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿಸಿಕೊಂಡಾಗ ಮಾತ್ರ. ರಾಜಕಾರಣಿಗಳ ದೂರವಾಣಿಗಳನ್ನು ಕದ್ದಾಲಿಸಲಾಯಿತೆಂಬ ಆರೋಪದ ನಡುವೆ ಕರ್ನಾಟಕದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು 1988ರ ಆಗಸ್ಟಿನಲ್ಲಿ ರಾಜೀನಾಮೆ ಕೊಟ್ಟು, ಎಸ್.ಆರ್. ಬೊಮ್ಮಾಯಿಯವರು ಆ ಸ್ಥಾನಕ್ಕೆ ಬಂದರು. ಅದಕ್ಕೆ ಮುಂಚೆ, ಅಂಚೆಯ ಪತ್ರಗಳನ್ನು ತಡೆದು ಓದುವ ಅಧಿಕಾರವನ್ನು ವಿಸ್ತರಿಸುವ 1986ರ ಮಸೂದೆಗೆ ರಾಷ್ಟ್ರಪತಿ ಜೈಲ್ ಸಿಂಗ್ ಅಂಕಿತ ಹಾಕದೆ ಇಟ್ಟುಕೊಂಡಿದ್ದರು. ರಾಜೀವ್ ಗಾಂಧಿಯವರ ನಿವಾಸದ ಬಳಿ ಹರಿಯಾಣದ ಇಬ್ಬರು ಪೊಲೀಸರು ಸಿಕ್ಕಿಬಿದ್ದದ್ದರಿಂದ ಹುಟ್ಟಿದ ಗದ್ದಲದಲ್ಲಿ 1991ರ ಮಾರ್ಚಿನಲ್ಲಿ ಚಂದ್ರಶೇಖರ್ ಸರ್ಕಾರವೇ ಉರುಳಿತು. ಬೆಂಗಳೂರಿನಲ್ಲಿ ಫೋನ್ ಕದ್ದಾಲಿಕೆಯ ಆರೋಪ ಮತ್ತೆ ಎದ್ದು 2019ರ ಆಗಸ್ಟಿನಲ್ಲಿ ತನಿಖೆ ಸಿಬಿಐ ಪಾಲಾಯಿತು. ಕದ್ದಾಲಿಕೆಯ ಈ ಪ್ರಸಂಗಗಳಲ್ಲಿ ಪತ್ರಿಕೆಗಳ ಶೀರ್ಷಿಕೆಗಳು ಎಣಿಸಿದ್ದು ಶಾಸಕರ, ಸಚಿವರ ಫೋನುಗಳನ್ನೇ. ಅವೇ ಉಪಕರಣಗಳು ಗುಮಾಸ್ತನ, ಕಾರ್ಮಿಕ ಮುಖಂಡನ, ವರದಿಗಾರನ ಮಾತನ್ನು ಎಷ್ಟು ಬಾರಿ ಕೇಳಿಸಿಕೊಂಡವು ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ.

ರಾಜಕಾರಣಿಗಳ ದೂರವಾಣಿ ಕದ್ದಾಲಿಕೆಯ ಕುರಿತು ಸಿಬಿಐ ಸಿದ್ಧಪಡಿಸಿದ ವರದಿಯೊಂದು 1991ರಲ್ಲಿ ನಿಯತಕಾಲಿಕವೊಂದರಲ್ಲಿ ಪ್ರಕಟವಾದಾಗ, ಪಿಯುಸಿಎಲ್ ಎಂಬ ನಾಗರಿಕ ಹಕ್ಕುಗಳ ಸಂಘಟನೆಯು ಸುಪ್ರೀಂ ಕೋರ್ಟಿಗೆ ಹೋಯಿತು. ಅದರ ತೀರ್ಪು ಬಂದದ್ದು 1996ರ ಡಿಸೆಂಬರ್ 18ರಂದು, ಖರಕ್ ಸಿಂಗ್ ತೀರ್ಪಿನಿಂದ ಸರಿಯಾಗಿ ಮೂವತ್ತನಾಲ್ಕು ವರ್ಷಗಳ ಬಳಿಕ; ಈ ತಾರೀಖಿನ ಹೊಂದಿಕೆ ಕೇವಲ ಕಾಕತಾಳೀಯವಾದರೂ ಎರಡು ತೀರ್ಪುಗಳ ನಡುವಿನ ದೂರವನ್ನು ಅಳೆಯಲು ಅನುಕೂಲಕರ. ದೂರವಾಣಿಯ ಮಾತುಕತೆ ಖಾಸಗಿ ಬದುಕಿನ ಭಾಗವೆಂದು ಒಪ್ಪಿದ ನ್ಯಾಯಾಲಯ, ಆದೇಶವನ್ನು ಗೃಹ ಕಾರ್ಯದರ್ಶಿಯೇ ಹೊರಡಿಸಬೇಕು, ಅದು ಎರಡು ತಿಂಗಳಿಗಿಂತ ಹೆಚ್ಚು ಊರ್ಜಿತದಲ್ಲಿರಬಾರದು, ನವೀಕರಿಸಿದರೂ ಒಟ್ಟು ಆರು ತಿಂಗಳನ್ನು ಮೀರಬಾರದು, ಪ್ರತಿಯೊಂದು ಆದೇಶವೂ ಪರಿಶೀಲನಾ ಸಮಿತಿಯ ಮುಂದೆ ಹೋಗಬೇಕು ಎಂದು ವಿಧಿಸಿತು. ಸಾರ್ವಜನಿಕ ತುರ್ತುಸ್ಥಿತಿ ಮತ್ತು ಸುರಕ್ಷತೆ ಎಂಬವು ಗುಟ್ಟಿನ ಸಂಗತಿಗಳಲ್ಲ, ವಿವೇಕಿಯಾದ ಯಾರಿಗಾದರೂ ಕಾಣುವಂತಿರಬೇಕು ಎಂಬ ಬೆಲೆಯುಳ್ಳ ಮಾತನ್ನೂ ಅದು ಹೇಳಿತು. ಆದರೆ ಕದ್ದಾಲಿಕೆಗೆ ಮುನ್ನ ನ್ಯಾಯಾಧೀಶರ ಅನುಮತಿ ಇರಬೇಕೆಂಬ ಬೇಡಿಕೆಯನ್ನು, ಕಾಯ್ದೆಯಲ್ಲಿ ಅದಕ್ಕೆ ಅವಕಾಶವಿಲ್ಲವೆಂಬ ಕಾರಣದಿಂದ, ಒಪ್ಪಲಿಲ್ಲ.

ಈ ನಿರಾಕರಣೆಯ ಫಲವನ್ನು ಸ್ವಲ್ಪ ವಿವರವಾಗಿ ನೋಡಬೇಕು. ತೀರ್ಪಿನ ಸೂಚನೆಗಳು ಮುಂದೆ ಟೆಲಿಗ್ರಾಫ್ ನಿಯಮಾವಳಿಯ 419ಎ ನಿಯಮವಾದವು. ಅದರಂತೆ ಕೇಂದ್ರದಲ್ಲಿ ಆದೇಶ ನೀಡುವವರು ಗೃಹ ಕಾರ್ಯದರ್ಶಿ. ಅದನ್ನು ಪರಿಶೀಲಿಸುವವರು ಸಂಪುಟ ಕಾರ್ಯದರ್ಶಿ, ಕಾನೂನು ಕಾರ್ಯದರ್ಶಿ, ದೂರಸಂಪರ್ಕ ಕಾರ್ಯದರ್ಶಿ. ರಾಜ್ಯಗಳಲ್ಲಿ ಇದೇ ಕೆಲಸ ಮುಖ್ಯ ಕಾರ್ಯದರ್ಶಿಯ ನೇತೃತ್ವದ ಸಮಿತಿಯದು. ಕೇಳುವವರು, ಕೊಡುವವರು, ಪರಿಶೀಲಿಸುವವರು ಮೂವರೂ ಒಂದೇ ಕಾರ್ಯಾಂಗದ ಅಧಿಕಾರಿಗಳು; ಸಂಸತ್ತಿನ ಸದಸ್ಯರಾಗಲಿ, ನ್ಯಾಯಾಧೀಶರಾಗಲಿ, ಹೊರಗಿನ ತಜ್ಞರಾಗಲಿ ಈ ಕೋಣೆಯೊಳಗೆ ಇಲ್ಲ. ಅವರ ಕೆಲಸದ ಹೊರೆಯಾದರೂ ಎಂಥದು? ಕೇಂದ್ರ ಸರ್ಕಾರವು ತಿಂಗಳಿಗೆ ಸರಾಸರಿ 7,500ರಿಂದ 9,000 ದೂರವಾಣಿ ಕದ್ದಾಲಿಕೆ ಆದೇಶಗಳನ್ನು ಹೊರಡಿಸುತ್ತಿತ್ತೆಂಬುದು ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಸಿಕ್ಕ ಉತ್ತರದಿಂದ ಹಿಂದೆ ಬಯಲಾಗಿತ್ತು. ಬೆಂಗಳೂರಿನಲ್ಲಿ ಜನಿಸಿದ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರ ಅಧ್ಯಕ್ಷತೆಯ ದತ್ತಾಂಶ ಸಂರಕ್ಷಣಾ ಸಮಿತಿಯು 2018ರ ತನ್ನ ವರದಿಯಲ್ಲಿ, ಎರಡು ತಿಂಗಳಿಗೊಮ್ಮೆ ಸೇರುವ ಪರಿಶೀಲನಾ ಸಮಿತಿಯ ಪ್ರತಿ ಸಭೆಯ ಮುಂದೆ 15,000ದಿಂದ 18,000 ಆದೇಶಗಳಿರುತ್ತವೆಂದು ಲೆಕ್ಕ ಹಾಕಿ, ಇದು ವಾಸ್ತವದಲ್ಲಿ ಆಗದ ಕೆಲಸವೆಂದು ಬರೆಯಿತು. ಮೂವರು ಹಿರಿಯ ಕಾರ್ಯದರ್ಶಿಗಳು ತಮ್ಮ ಬೇರೆಲ್ಲ ಕೆಲಸ ಬಿಟ್ಟು ಎಂಟು ಗಂಟೆ ಒಂದೇ ಸಮನೆ ಕುಳಿತರೂ ಒಂದೊಂದು ಆದೇಶಕ್ಕೆ ಸಿಗುವುದು ಎರಡು ಸೆಕೆಂಡಿಗಿಂತ ಕಡಿಮೆ ಸಮಯ. ಇದನ್ನು ಪರಿಶೀಲನೆ ಎಂದು ಕರೆಯುವುದು ಸೌಜನ್ಯದ ಮಾತು.

ಇಷ್ಟಾದರೂ ಈ ವ್ಯವಸ್ಥೆಯಲ್ಲಿ ಒಂದು ಅನುದ್ದೇಶಿತ ತಡೆ ಉಳಿದಿತ್ತು. ಆದೇಶವು ದೂರಸಂಪರ್ಕ ಕಂಪನಿಯ ನೋಡಲ್ ಅಧಿಕಾರಿಯ ಕೈಗೆ ಲಿಖಿತವಾಗಿ ತಲುಪಬೇಕಾಗಿತ್ತು. ಆತ ಸಹಿ, ಸಂಖ್ಯೆ, ತಾರೀಖುಗಳನ್ನು ನೋಡಿ ಸಂಪರ್ಕ ಒದಗಿಸುತ್ತಿದ್ದ. ಆತನೇನೂ ಪ್ರಜೆಯ ಪರವಾಗಿ ವಾದಿಸುವವನಲ್ಲ, ಆದರೂ ಸರ್ಕಾರದ ಹೊರಗಿನ ಒಂದು ಜೊತೆ ಕಣ್ಣು ಆದೇಶದ ಮೇಲೆ ಬೀಳುತ್ತಿತ್ತು. ಸರ್ಕಾರದ ಸಿ-ಡಾಟ್ ಸಂಸ್ಥೆಯು ಅಭಿವೃದ್ಧಿಪಡಿಸಿದ 'ಸೆಂಟ್ರಲ್ ಮಾನಿಟರಿಂಗ್ ಸಿಸ್ಟಮ್', ಅಂದರೆ ಕೇಂದ್ರೀಯ ನಿಗಾ ವ್ಯವಸ್ಥೆ, ತೆಗೆದುಹಾಕಿದ್ದು ಈ ಕಣ್ಣುಗಳನ್ನೇ. ಕಂಪನಿಯ ಸಿಬ್ಬಂದಿಯ ನೆರವಿಲ್ಲದೆ ಸರ್ಕಾರಿ ಸಂಸ್ಥೆಯೇ ತನಗೆ ಬೇಕಾದ ಸಂಖ್ಯೆಯನ್ನು ವಿದ್ಯುನ್ಮಾನವಾಗಿ ನಮೂದಿಸಿ ಸಂಭಾಷಣೆಯನ್ನು ತನ್ನತ್ತ ತಿರುಗಿಸಿಕೊಳ್ಳಬಲ್ಲದು ಎಂಬುದನ್ನೇ ಅದರ ಅನುಕೂಲವೆಂದು ಸರ್ಕಾರ ಪ್ರಚಾರ ಮಾಡಿತ್ತು. ಗುಟ್ಟು ಸೋರದಂತೆ ಇದು ತಡೆಯುತ್ತದೆಂಬ ಸಮರ್ಥನೆಯಲ್ಲಿ ಹುರುಳಿಲ್ಲದಿಲ್ಲ. ಆದರೆ ಸಾಕ್ಷಿಯೂ ಅದರ ಜೊತೆಗೇ ಹೋಯಿತು.

ಅಂತರಜಾಲದ ಸಂವಹನಕ್ಕೆ ಅನ್ವಯಿಸುವ ಕಾನೂನು ಇನ್ನೂ ಸಡಿಲ. ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರಲ್ಲಿ ತಂದ ತಿದ್ದುಪಡಿಯು 69ನೆಯ ಕಲಮನ್ನು ಹೊಸದಾಗಿ ರೂಪಿಸುವಾಗ ತುರ್ತುಸ್ಥಿತಿ, ಸುರಕ್ಷತೆಗಳೆಂಬ ಪೂರ್ವಷರತ್ತನ್ನು ಕೈಬಿಟ್ಟು, ಯಾವುದೇ ಅಪರಾಧದ ತನಿಖೆಯನ್ನೂ ಕಾರಣಗಳ ಪಟ್ಟಿಗೆ ಸೇರಿಸಿತು. ಗೂಢಲಿಪಿಯಲ್ಲಿರುವ ಮಾಹಿತಿಯನ್ನು ಬಿಡಿಸಿಕೊಡಲು ನೆರವಾಗದವರಿಗೆ ಏಳು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ವಸಾಹತುಶಾಹಿ ಬರೆದ ಕಾನೂನಿಗಿಂತ ಸ್ವತಂತ್ರ ಸಂಸತ್ತು ಬರೆದ ಕಾನೂನು ಪ್ರಜೆಗೆ ಕಡಿಮೆ ರಕ್ಷಣೆ ಕೊಟ್ಟಿತೆಂಬುದು ಹೆಚ್ಚು ಚರ್ಚೆಯಾಗದ ವಿಷಯ. 2018ರ ಡಿಸೆಂಬರ್ 20ರಂದು ಗೃಹ ಸಚಿವಾಲಯವು ಗುಪ್ತಚರ ಸಂಸ್ಥೆಯಾದ ಐಬಿ, ಸಿಬಿಐ, ಜಾರಿ ನಿರ್ದೇಶನಾಲಯ, ನೇರ ತೆರಿಗೆಗಳ ಮಂಡಳಿ, ದೆಹಲಿ ಪೊಲೀಸ್ ಆಯುಕ್ತರೂ ಸೇರಿದಂತೆ ಹತ್ತು ಸಂಸ್ಥೆಗಳಿಗೆ ಈ ಕಲಮಿನ ಅಧಿಕಾರವನ್ನು ಒಪ್ಪಿಸಿದಾಗ ಎದ್ದ ವಿರೋಧಕ್ಕೆ ಸರ್ಕಾರವು, ಇದು 2009ರ ನಿಯಮಗಳಲ್ಲೇ ಇದ್ದುದು, ಹೊಸದೇನಲ್ಲ ಎಂದು ಉತ್ತರಿಸಿತು. ಅಚ್ಚರಿಯೆಂದರೆ ಉತ್ತರ ನಿಜವೇ ಆಗಿತ್ತು. ಐಬಿಯಂಥ ಸಂಸ್ಥೆಗೆ ಸಂಸತ್ತು ಮಾಡಿದ ಪ್ರತ್ಯೇಕ ಕಾಯ್ದೆಯೇ ಇಲ್ಲವೆಂಬುದನ್ನೂ ಇಲ್ಲಿ ನೆನೆಯಬಹುದು. ನಿವೃತ್ತ ಅಧಿಕಾರಿಯೊಬ್ಬರು ಆ ಸಂಸ್ಥೆಯ ಕಾನೂನಾತ್ಮಕ ನೆಲೆಯನ್ನು ಕರ್ನಾಟಕ ಹೈಕೋರ್ಟಿನಲ್ಲಿ ಪ್ರಶ್ನಿಸಿದಾಗ ಉತ್ತರವು 1887ರ ಬ್ರಿಟಿಷ್ ಆದೇಶವೊಂದರವರೆಗೆ ಹಿಂದಕ್ಕೆ ಹೋಗಬೇಕಾಯಿತು.

ಮಾತನ್ನು ಕೇಳಿಸಿಕೊಳ್ಳುವುದಷ್ಟೇ ಕಣ್ಗಾವಲಲ್ಲ. ಯಾವ ಸಂಖ್ಯೆಯಿಂದ ಯಾವ ಸಂಖ್ಯೆಗೆ, ಎಷ್ಟು ಹೊತ್ತಿಗೆ, ಎಷ್ಟು ನಿಮಿಷ, ಯಾವ ಟವರಿನ ವ್ಯಾಪ್ತಿಯಿಂದ ಕರೆ ಹೋಯಿತು ಎಂಬ ವಿವರಗಳ ದಾಖಲೆಗೆ ಸಿಡಿಆರ್ ಎನ್ನುತ್ತಾರೆ. ಮಾತಿನ ಒಂದಕ್ಷರವೂ ಇಲ್ಲದ ಈ ದಾಖಲೆಯಿಂದಲೇ ಒಬ್ಬನ ಕಾಯಿಲೆ, ಸ್ನೇಹ, ನಂಬಿಕೆ, ರಾಜಕೀಯ ಒಲವುಗಳನ್ನು ಊಹಿಸಬಹುದು. ಇದನ್ನು ಕೇಳಲು ಕಿವಿ ಬೇಡ, ವಿಂಗಡಿಸುವ ಯಂತ್ರ ಸಾಕು. ಕಂಪನಿಗಳು ಇಂಥ ದಾಖಲೆಯನ್ನು ಇಟ್ಟುಕೊಳ್ಳಬೇಕಾದ ಅವಧಿಯನ್ನು 2021ರ ಡಿಸೆಂಬರಿನಲ್ಲಿ ಒಂದು ವರ್ಷದಿಂದ ಎರಡು ವರ್ಷಕ್ಕೆ ಏರಿಸಲಾಯಿತು. ಅದಕ್ಕೆ ಮುಂಚೆ, 2020ರ ಆರಂಭದಲ್ಲಿ, ದೆಹಲಿ, ಕೇರಳ, ಆಂಧ್ರಪ್ರದೇಶ ಮೊದಲಾದೆಡೆಯ ಎಲ್ಲ ಗ್ರಾಹಕರ ಸಿಡಿಆರ್‌ಗಳನ್ನು ನಿಗದಿತ ದಿನಗಳಿಗೆ ಸಗಟಾಗಿ ಕೇಳಲಾಗುತ್ತಿದೆಯೆಂದು ದೂರಸಂಪರ್ಕ ಕಂಪನಿಗಳ ಒಕ್ಕೂಟವೇ ಇಲಾಖೆಗೆ ಬರೆದ ಪತ್ರ ಹೊರಬಂದಾಗ, ಕರೆ ಕಡಿತದ ಸಮಸ್ಯೆಯನ್ನು ಅಳೆಯಲು ಹಾಗೆ ಮಾಡಲಾಗುತ್ತಿದೆಯೆಂಬ ಸಮಜಾಯಿಷಿ ಬಂತು.

ಇಲ್ಲಿಗೆ ಈ ವಿಷಯದ ನಡುಮನೆಗೆ ಬಂದಂತಾಯಿತು. ಕಾನೂನುಬಾಹಿರ ಕದ್ದಾಲಿಕೆಗೆ ಒಳಗಾದವನು ನ್ಯಾಯಾಲಯಕ್ಕೆ ಹೋಗಲು ಮೊದಲು ತಾನು ಅದಕ್ಕೆ ಒಳಗಾಗಿದ್ದೇನೆಂದು ತಿಳಿದಿರಬೇಕು. ಆದರೆ ಆದೇಶವು ಗುಟ್ಟಾಗಿರಬೇಕೆಂಬುದು ಅದೇ ಕಾನೂನಿನ ಕಟ್ಟಳೆ. ಅಮೆರಿಕದಲ್ಲಿ ಇದರ ಪರಿಣಾಮ ಢಾಳಾಗಿ ಕಂಡಿತು. ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಮತ್ತಿತರರು ವಿದೇಶಿ ಸಂವಹನ ಕಣ್ಗಾವಲಿನ ಕಾನೂನನ್ನು ಪ್ರಶ್ನಿಸಿದ್ದ ಮೊಕದ್ದಮೆಯನ್ನು ಅಲ್ಲಿನ ಸುಪ್ರೀಂ ಕೋರ್ಟ್ 2013ರ ಫೆಬ್ರುವರಿಯಲ್ಲಿ, ಅರ್ಜಿದಾರರು ತಮ್ಮ ಸಂವಹನ ನಿಗಾಕ್ಕೆ ಒಳಗಾಗಿದೆಯೆಂದು ತೋರಿಸಲಾರರು ಎಂಬ ಕಾರಣಕ್ಕೆ, ಐದು ನಾಲ್ಕರ ಬಹುಮತದಿಂದ ವಜಾ ಮಾಡಿತು. ನಾಲ್ಕು ತಿಂಗಳೂ ಕಳೆದಿರಲಿಲ್ಲ, ಎಡ್ವರ್ಡ್ ಸ್ನೋಡೆನ್ ಹೊರಹಾಕಿದ ದಾಖಲೆಗಳಲ್ಲಿ ವೆರೈಝನ್ ಕಂಪನಿಯು ತನ್ನ ಗ್ರಾಹಕರ ಕರೆ ವಿವರಗಳನ್ನು ದಿನವೂ ಒಪ್ಪಿಸಬೇಕೆಂಬ ರಹಸ್ಯ ನ್ಯಾಯಾಲಯದ ಆದೇಶ ಸಿಕ್ಕಿತು. ಎಸಿಎಲ್‌ಯು ಎಂಬ ನಾಗರಿಕ ಹಕ್ಕುಗಳ ಸಂಸ್ಥೆಯು ತಾನೂ ಆ ಕಂಪನಿಯ ಗ್ರಾಹಕನೆಂಬುದನ್ನೇ ಆಧಾರವಾಗಿಟ್ಟುಕೊಂಡು ಹೂಡಿದ ಮೊಕದ್ದಮೆಯಲ್ಲಿ 2015ರ ಮೇ ತಿಂಗಳಲ್ಲಿ ಮೇಲ್ಮನವಿ ನ್ಯಾಯಾಲಯವು ಆ ಸಗಟು ಸಂಗ್ರಹಕ್ಕೆ ಕಾನೂನಿನ ಬೆಂಬಲವಿಲ್ಲವೆಂದು ತೀರ್ಮಾನಿಸಿತು. ಎರಡು ಮೊಕದ್ದಮೆಗಳ ಹಣೆಬರಹವನ್ನು ಬೇರೆ ಮಾಡಿದ್ದು ಸೋರಿಬಂದ ಒಂದು ಕಾಗದ.

ಭಾರತದಲ್ಲಿಯೂ ದಾರಿ ಬೇರೆಯಾಗಿಲ್ಲ. ಪಿಯುಸಿಎಲ್ ಮೊಕದ್ದಮೆಗೆ ಮೂಲ ಪತ್ರಿಕೆಯಲ್ಲಿ ಹೊರಬಂದ ವರದಿ. ಇಸ್ರೇಲಿನ ಎನ್‌ಎಸ್‌ಒ ಕಂಪನಿಯ ಪೆಗಾಸಸ್ ಎಂಬ ಕುತಂತ್ರಾಂಶದ ಪ್ರಕರಣಕ್ಕೆ ಮೂಲ 2021ರ ಜುಲೈನಲ್ಲಿ ಹಲವು ದೇಶಗಳ ಮಾಧ್ಯಮಗಳು ಒಟ್ಟಾಗಿ ಬಯಲು ಮಾಡಿದ ದೂರವಾಣಿ ಸಂಖ್ಯೆಗಳ ಪಟ್ಟಿ. ಬಳಕೆದಾರ ಏನನ್ನೂ ಒತ್ತದಿದ್ದರೂ ಫೋನಿನೊಳಗೆ ಸೇರಿ ಮೈಕ್ರೊಫೋನನ್ನೂ ಕ್ಯಾಮೆರಾವನ್ನೂ ಸಂದೇಶಗಳನ್ನೂ ವಶಪಡಿಸಿಕೊಳ್ಳಬಲ್ಲ ತಂತ್ರಾಂಶವಿದು. 2019ರ ನಡುವಿನಲ್ಲಿ ಕರ್ನಾಟಕದ ಮೈತ್ರಿ ಸರ್ಕಾರ ಅಲುಗಾಡುತ್ತಿದ್ದ ದಿನಗಳಲ್ಲಿ ಆಗಿನ ಉಪಮುಖ್ಯಮಂತ್ರಿ ಜಿ. ಪರಮೇಶ್ವರ ಅವರ ಸಂಖ್ಯೆಯೂ ಆ ಪಟ್ಟಿ ಸೇರಿತ್ತೆಂದು ವರದಿಯಾಯಿತು. ಪಟ್ಟಿಯಲ್ಲಿದ್ದ ಮಾತ್ರಕ್ಕೆ ಫೋನಿಗೆ ಸೋಂಕು ತಗುಲಿತ್ತೆಂದು ಅರ್ಥವಲ್ಲವೆಂಬುದನ್ನೂ ಹೇಳಬೇಕು. 2021ರ ಅಕ್ಟೋಬರ್ 27ರಂದು ಸುಪ್ರೀಂ ಕೋರ್ಟ್, ರಾಷ್ಟ್ರೀಯ ಭದ್ರತೆಯ ಹೆಸರೆತ್ತಿದ ಮಾತ್ರಕ್ಕೆ ನ್ಯಾಯಾಲಯ ಮೂಕಪ್ರೇಕ್ಷಕನಾಗದೆಂದು ಹೇಳಿ, ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿಯೂ ಸೇವೆ ಸಲ್ಲಿಸಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರ ಮೇಲ್ವಿಚಾರಣೆಯಲ್ಲಿ ತಾಂತ್ರಿಕ ಸಮಿತಿಯನ್ನು ನೇಮಿಸಿತು. ಸಮಿತಿ ಪರೀಕ್ಷಿಸಿದ 29 ಫೋನುಗಳ ಪೈಕಿ ಐದರಲ್ಲಿ ಯಾವುದೋ ಕುತಂತ್ರಾಂಶವಿದ್ದುದು ಕಂಡಿತಾದರೂ ಅದು ಪೆಗಾಸಸ್ಸೇ ಎಂಬುದಕ್ಕೆ ನಿರ್ಣಾಯಕ ಸಾಕ್ಷ್ಯ ದೊರೆಯಲಿಲ್ಲವೆಂದೂ, ಸರ್ಕಾರ ತನಿಖೆಗೆ ಸಹಕರಿಸಲಿಲ್ಲವೆಂದೂ 2022ರ ಆಗಸ್ಟಿನಲ್ಲಿ ನ್ಯಾಯಾಲಯವೇ ತಿಳಿಸಿತು.

ಸರ್ಕಾರಕ್ಕೆ ಕದ್ದಾಲಿಸುವ ಅಗತ್ಯವೇ ಬೀಳದೆಂದು ವಾದಿಸುವುದು ಪ್ರಾಮಾಣಿಕವಾಗದು. 2008ರ ನವೆಂಬರಿನ ಮುಂಬೈ ದಾಳಿಯ ವೇಳೆ ದಾಳಿಕೋರರಿಗೂ ಗಡಿಯಾಚೆಗಿನ ಸೂತ್ರಧಾರರಿಗೂ ನಡೆದ ಮಾತುಕತೆಯನ್ನು ಕೇಳಿಸಿಕೊಂಡು ದಾಖಲಿಸಿದ್ದು ಮುಂದೆ ಸೆರೆಸಿಕ್ಕ ದಾಳಿಕೋರ ಕಸಬ್‌ನ ಪ್ರಕರಣದಲ್ಲಿ ಮಹತ್ವದ ಸಾಕ್ಷ್ಯವಾಯಿತು. ಆದರೆ ಅದು ಗೊತ್ತಾದ ಸಂಖ್ಯೆಗಳ ಮೇಲೆ ಕಣ್ಣೆದುರಿನ ತುರ್ತಿನಲ್ಲಿ ನಡೆದ ಕೆಲಸ. 1885ರ ಕಾಯ್ದೆಯ ಷರತ್ತುಗಳಿಗೂ ಅದು ಸಲೀಸಾಗಿ ಒಗ್ಗುತ್ತದೆ. ದಾಳಿಯ ನಂತರ ಬೆಳೆದದ್ದು ಬೇರೆ ಬಗೆಯ ಯಂತ್ರ: ಬ್ಯಾಂಕು, ತೆರಿಗೆ, ರೈಲು, ವಿಮಾನ ಪ್ರಯಾಣಗಳ ದತ್ತಾಂಶ ಸಂಗ್ರಹಗಳನ್ನು ಒಂದಕ್ಕೊಂದು ಜೋಡಿಸುವ ನ್ಯಾಟ್‌ಗ್ರಿಡ್‌ನಂಥ ಯೋಜನೆ.

ಈ ಬೆಳವಣಿಗೆಯ ನಡುವೆ ಸಂವಿಧಾನದ ಮಟ್ಟದಲ್ಲಿ ದೊಡ್ಡ ಗೆಲುವು ದಕ್ಕಿದ್ದು ಬೆಂಗಳೂರಿನ ಹಿರಿಯರೊಬ್ಬರಿಂದ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಸಲ್ಲಿಸಿದರು. ಖರಕ್ ಸಿಂಗ್ ತೀರ್ಪನ್ನೇ ಮುಂದೊಡ್ಡಿ ಖಾಸಗಿತನವು ಮೂಲಭೂತ ಹಕ್ಕಲ್ಲವೆಂದು ಕೇಂದ್ರ ಸರ್ಕಾರ ವಾದಿಸಿದ್ದರಿಂದ ಪ್ರಶ್ನೆಯು ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಹೋಗಿ, 2017ರ ಆಗಸ್ಟ್ 24ರಂದು ಪೀಠವು ಸರ್ವಾನುಮತದಿಂದ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಘೋಷಿಸಿ, ಸುಬ್ಬರಾವ್ ಅವರ ಭಿನ್ನ ತೀರ್ಪಿಗೆ ತಡವಾಗಿಯಾದರೂ ಮನ್ನಣೆ ಕೊಟ್ಟಿತು. ಹಕ್ಕನ್ನು ಮೊಟಕುಗೊಳಿಸುವ ಕ್ರಮಕ್ಕೆ ಕಾನೂನಿನ ಆಧಾರವಿರಬೇಕು, ನ್ಯಾಯಸಮ್ಮತ ಉದ್ದೇಶವಿರಬೇಕು, ಉದ್ದೇಶಕ್ಕೆ ತಕ್ಕ ಪ್ರಮಾಣದಲ್ಲಿರಬೇಕು ಎಂಬ ಪರೀಕ್ಷೆಗಳೂ ಬಂದವು. ಆದರೆ ಕಣ್ಗಾವಲಿನ ನಿತ್ಯದ ಆಡಳಿತವನ್ನು ಆ ತೀರ್ಪು ತಾನಾಗಿ ಮುಟ್ಟಲಾರದು. ಪರೀಕ್ಷೆಯನ್ನು ಅನ್ವಯಿಸಲು ಮತ್ತೆ ಒಬ್ಬ ದೂರುದಾರ ಬೇಕು. ಇತ್ತ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 17ನೆಯ ಕಲಮು, ಭದ್ರತೆ, ಸುವ್ಯವಸ್ಥೆಗಳ ಹೆಸರಿನಲ್ಲಿ ಸರ್ಕಾರವು ತನ್ನದೇ ಸಂಸ್ಥೆಗಳನ್ನು ಅಧಿಸೂಚನೆಯ ಮೂಲಕ ಕಾಯ್ದೆಯಿಂದ ಹೊರಗಿಡಲು ಅವಕಾಶ ಕೊಟ್ಟಿದೆ.

ಕದ್ದಾಲಿಕೆಗೆ ಒಳಗಾದವನಿಗೆ ಅದನ್ನು ನಂತರವಾದರೂ ತಿಳಿಸುವ ಪದ್ಧತಿ ಅಸಾಧ್ಯವಾದುದೇನಲ್ಲ. ಜರ್ಮನಿಯ ಸಂವಿಧಾನ ನ್ಯಾಯಾಲಯವು 1970ರಲ್ಲಿಯೇ, ಕಣ್ಗಾವಲು ಮುಗಿದು ತನಿಖೆಗೆ ಧಕ್ಕೆಯಾಗದೆಂಬ ಸ್ಥಿತಿ ಬಂದೊಡನೆ ಸಂಬಂಧಪಟ್ಟ ವ್ಯಕ್ತಿಗೆ ಆ ವಿಷಯ ತಿಳಿಸಬೇಕೆಂದು ಹೇಳಿತ್ತು. ಬ್ರಿಟನ್ನಿನ 2016ರ ಕಾಯ್ದೆಯಂತೆ ಸಚಿವರ ಆದೇಶಕ್ಕೆ ನ್ಯಾಯಿಕ ಆಯುಕ್ತರ ಒಪ್ಪಿಗೆಯೂ ಸೇರಬೇಕು. ಅದೇ ಕಾಯ್ದೆ ಸಗಟು ಸಂಗ್ರಹಕ್ಕೂ ಪರವಾನಗಿ ಕೊಟ್ಟಿರುವುದರಿಂದ ಅದನ್ನು ಇಡಿಯಾಗಿ ಮಾದರಿಯೆಂದು ಎತ್ತಿಕೊಳ್ಳುವಂತಿಲ್ಲ. ಭಾರತವು 1885ರ ಕಾಯ್ದೆಯ ಜಾಗದಲ್ಲಿ 2023ರ ದೂರಸಂಪರ್ಕ ಕಾಯ್ದೆಯನ್ನು ತಂದಾಗ ಇಂಥ ತಿದ್ದುಪಡಿಗೆ ಅವಕಾಶ ಒದಗಿತ್ತು. ಅದರಡಿ 2024ರ ಡಿಸೆಂಬರಿನಲ್ಲಿ ಹೊರಬಂದ ನಿಯಮಗಳಲ್ಲಿ ಗೃಹ ಕಾರ್ಯದರ್ಶಿಯ ಆದೇಶ, ಕಾರ್ಯದರ್ಶಿಗಳದೇ ಪರಿಶೀಲನಾ ಸಮಿತಿ, ಆರು ತಿಂಗಳಿಗೊಮ್ಮೆ ದಾಖಲೆಗಳ ನಾಶ ಎಂಬ ಹಳೆಯ ಕ್ರಮವೇ ಮುಂದುವರಿಯಿತು. ಕದ್ದಾಲಿಕೆಗೆ ಒಳಗಾದವನಿಗೆ ತಿಳಿಸುವ ಮಾತು ಅಲ್ಲಿಲ್ಲ.

ಹೀಗಾಗಿ ಸೋರಿಕೆಯನ್ನು ಬಿಟ್ಟರೆ ಕದ್ದಾಲಿಕೆ ಬೆಳಕಿಗೆ ಬರಲು ಉಳಿದಿರುವುದು ಒಂದೇ ದಾರಿ: ತನಿಖಾ ಸಂಸ್ಥೆಯು ಕೇಳಿಸಿಕೊಂಡ ಮಾತನ್ನು ಆರೋಪಿಯ ವಿರುದ್ಧ ತಾನೇ ಬಳಸುವುದು. ಲಂಚದ ಪ್ರಕರಣವೊಂದರಲ್ಲಿ ಕಂಪನಿಯೊಂದರ ಮುಖ್ಯಸ್ಥರ ಫೋನನ್ನು ಕದ್ದಾಲಿಸಲು 2011ರಲ್ಲಿ ನೀಡಿದ್ದ ಆದೇಶವನ್ನು ಮದ್ರಾಸ್ ಹೈಕೋರ್ಟ್ 2025ರ ಜುಲೈನಲ್ಲಿ, ಅಲ್ಲಿ ತುರ್ತುಸ್ಥಿತಿಯಾಗಲಿ ಸಾರ್ವಜನಿಕ ಸುರಕ್ಷತೆಯ ಪ್ರಶ್ನೆಯಾಗಲಿ ಇರಲಿಲ್ಲವೆಂದು ಹೇಳಿ ರದ್ದುಪಡಿಸಿತು. ಅದಕ್ಕೆ ಕೆಲವೇ ದಿನಗಳ ಹಿಂದೆ ದೆಹಲಿ ಹೈಕೋರ್ಟ್ ಇನ್ನೊಂದು ಪ್ರಕರಣದಲ್ಲಿ, ದೊಡ್ಡ ಪ್ರಮಾಣದ ಭ್ರಷ್ಟಾಚಾರವು ಸಾರ್ವಜನಿಕ ಸುರಕ್ಷತೆಯ ವ್ಯಾಪ್ತಿಗೆ ಬರುತ್ತದೆಂದು ತೀರ್ಮಾನಿಸಿತ್ತು. ಯಾವುದು ಸರಿಯೆಂಬುದನ್ನು ಮೇಲಿನ ನ್ಯಾಯಾಲಯ ಹೇಳಬಹುದು. ಎರಡರಲ್ಲಿಯೂ ಅರ್ಜಿದಾರರಿಗೆ ವಾದಿಸುವ ಅವಕಾಶ ಸಿಕ್ಕಿದ್ದು ಅವರ ಮೇಲೆ ಮೊಕದ್ದಮೆ ಇದ್ದುದರಿಂದ. ತಿಂಗಳುಗಟ್ಟಲೆ ಕೇಳಿಸಿಕೊಂಡರೂ ಆರೋಪಿಸುವಂಥದ್ದು ಏನೂ ಸಿಗದೆ ಹೋದವನಿಗೆ, ಅಂದರೆ ನಿರ್ದೋಷಿಗೆ, ಈ ಅವಕಾಶವೂ ಇಲ್ಲ. ಅವನ ಹೆಸರಿನ ಆದೇಶವು ನಿಯಮದಂತೆ ನಾಶವಾಗುವ ದಾಖಲೆಗಳ ಜೊತೆ ಸೇರುತ್ತದೆ, ಅಂಥ ಆದೇಶವೊಂದಿತ್ತೆಂದು ಅವನಿಗೆ ತಿಳಿಸುವ ಹೊಣೆ ಯಾವ ಕಚೇರಿಯ ಮೇಲೂ ಇಲ್ಲ.